ಅನ್ನನಾಳದ ಬಿಳಿ ಮಚ್ಚೆ: ತೊಳೆದು ನೋಡುವಲ್ಲಿಂದ ರಿಪೋರ್ಟ್ ಕೈಸೇರುವವರೆಗೆ

ಎಂಡೋಸ್ಕೋಪಿ ರಿಪೋರ್ಟಿನಲ್ಲಿ ‘ಅನ್ನನಾಳದಲ್ಲಿ ಬಿಳಿ ಮಚ್ಚೆಗಳು ಕಂಡವು’ ಎಂಬ ಒಂದು ಸಾಲು, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಕ್ಯಾಂಡಿಡಾ’ ಎಂಬ ಫಂಗಸ್ಸಿನ ಹೆಸರು. ಬಹಳಷ್ಟು ಜನರ ಕೈಗೆ ಸಿಗುವುದು ಇಷ್ಟೇ. ಜೊತೆಗೆ ಫಂಗಸ್ ವಿರುದ್ಧ ಎರಡು ವಾರದ ಫ್ಲುಕೋನಜೋಲ್ ಮಾತ್ರೆ. ಮಾತ್ರೆ ಮುಗಿದು ಮತ್ತೊಮ್ಮೆ ನೋಡಿದಾಗಲೂ ಮಚ್ಚೆ ಅಲ್ಲೇ ಇದ್ದರೆ ಮನೆಮಂದಿಗೆಲ್ಲ ಗಾಬರಿ. ಬರೀ ಬಿಳುಪು ನೋಡಿ ಕಾಯಿಲೆಯ ಹೆಸರು ಹೇಳಲು ಬರುವುದಿಲ್ಲ. ಫಂಗಸ್ ಬೆಳೆದರೂ ಬಿಳಿ, ಜೀವಕೋಶಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ತುಂಬಿದರೂ ಬಿಳಿ, ಅಲರ್ಜಿಯ ಕೋಶಗಳು ಗುಂಪುಗೂಡಿದರೂ ಬಿಳಿ, ಒಳಪದರ ಚರ್ಮದ ಹಾಗೆ ಗಡುಸಾದರೂ ಬಿಳಿ, ಬೆಳಿಗ್ಗೆ ಕುಡಿದ ಹಾಲು ಅಂಟಿಕೊಂಡಿದ್ದರೂ ಬಿಳಿ. ಇವುಗಳಲ್ಲಿ ಯಾವುದೆಂದು ತಿಳಿಯಬೇಕಾದರೆ ಸ್ಕೋಪ್ (ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆ) ಒಳಗಿರುವ ಆ ಹತ್ತು ನಿಮಿಷದಲ್ಲಿ ಕೆಲವು ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಮಾಡಬೇಕು. ಆ ಕ್ರಮ ಹೇಗಿರುತ್ತದೆ, ಎಲ್ಲೆಲ್ಲಿ ಎಡವಟ್ಟಾಗುತ್ತದೆ ಎಂಬುದನ್ನು ಎಂಡೋಸ್ಕೋಪಿ ಕೋಣೆಯ ಒಳಗಿನಿಂದ ಇಲ್ಲಿ ಬರೆದಿದೆ.

ಮೊದಲಿಗೆ, ಆರೋಗ್ಯವಂತರ ಅನ್ನನಾಳ ಹೇಗಿರುತ್ತದೆ ಎಂಬುದು ಕಣ್ಣಿಗೆ ಕಟ್ಟಿರಬೇಕು. ಅದರ ಉದ್ದ ಸುಮಾರು 25 ಸೆಂ.ಮೀ. ಆದರೆ ಅಳತೆ ಹಿಡಿಯುವುದು ಮುಂದಿನ ಹಲ್ಲಿನಿಂದ. ಸ್ಕೋಪಿನ ಮೇಲೆ ಬರೆದಿರುವ ಗುರುತಿನಲ್ಲಿ 15 ಸೆಂ.ಮೀ. ದಾಟಿದ ಮೇಲೆ ಅನ್ನನಾಳ ಶುರುವಾಗಿ 40ರ ಆಸುಪಾಸಿನಲ್ಲಿ ಜಠರ ಸೇರುತ್ತದೆ. ಒಳಪದರ ಕೆನ್ನೆಯ ಒಳಮೈಯಂತೆ ತಿಳಿ ಗುಲಾಬಿ, ನುಣುಪು. ಅದರಡಿಯಲ್ಲಿ ಕೂದಲೆಳೆಯಂಥ ರಕ್ತನಾಳಗಳ ಕವಲು ಕಾಣುತ್ತದೆ. ಚರ್ಮದಲ್ಲೂ ಇಲ್ಲಿಯೂ ಕೋಶಗಳು ಪದರ ಪದರವಾಗಿಯೇ ಇರುತ್ತವೆ, ಆದರೆ ಚರ್ಮದ ಮೇಲಿರುವ ಕೆರಟಿನ್ ಎಂಬ ಗಡುಸು ಹೊದಿಕೆ ಇಲ್ಲಿರುವುದಿಲ್ಲ. ಪದರ ದಪ್ಪವಾದರೆ, ಸತ್ತು ಸುಲಿದರೆ ಅಥವಾ ಅದರ ಮೇಲೆ ಏನಾದರೂ ಕೂತರೆ ಬೆಳಕು ಒಳಗೆ ಇಳಿಯದೆ ವಾಪಸ್ ಬರುತ್ತದೆ, ಕೆಳಗಿನ ಕವಲು ಮರೆಯಾಗುತ್ತದೆ. ಕ್ಯಾಮೆರಾಗೆ ಕಾಣುವ ಬಿಳುಪು ಅದು.

ತಪ್ಪು ಬಹಳ ಸಲ ಸ್ಕೋಪ್ ಕೈಗೆತ್ತಿಕೊಳ್ಳುವ ಮೊದಲೇ ಆಗಿರುತ್ತದೆ.

“ಅಜ್ಜ, ಬೆಳಿಗ್ಗೆಯಿಂದ ಏನಾದ್ರೂ ತಗೊಂಡಿದ್ದೀರಾ?”

“ಏನೂ ಇಲ್ಲಮ್ಮ. ಎದ್ದಾಗ ಒಂದರ್ಧ ಲೋಟ ಕಾಫಿ ಕುಡಿದೆ, ಅಷ್ಟೇ.”

ನಮ್ಮ ಕಡೆ ಕಾಫಿ-ಟೀ ಊಟದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹಾಲು ಹಾಕಿದ್ದೆಲ್ಲ ಇಲ್ಲಿ ಊಟವೇ. ಗಟ್ಟಿ ಆಹಾರ ಬಿಟ್ಟು 6ರಿಂದ 8 ಗಂಟೆ, ಹಾಲು-ಕಾಫಿ-ಮಜ್ಜಿಗೆ ಬಿಟ್ಟು ಕನಿಷ್ಠ 6 ಗಂಟೆ ಆಗಿರಬೇಕು. ಬರೀ ನೀರಾದರೆ 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ಹಾಲು ಒಡೆದು ಆಗುವ ಸಣ್ಣ ಮೊಸರು ಕಾಳುಗಳು ಒಳಗೋಡೆಗೆ ಅಂಟಿಕೊಂಡರೆ ಥೇಟ್ ಕ್ಯಾಂಡಿಡಾ ಥರ ಕಾಣುತ್ತವೆ. ಸುಕ್ರಾಲ್ಫೇಟ್ ಸಿರಪ್ ಇದಕ್ಕಿಂತ ಕಷ್ಟ. ಹುಣ್ಣಿಗೆ ಅಂಟಿಕೊಳ್ಳಲೆಂದೇ ಮಾಡಿದ ಔಷಧಿಯಾದ್ದರಿಂದ ನೀರಿಗೂ ಬೇಗ ಬಿಡುವುದಿಲ್ಲ. ಎಂಡೋಸ್ಕೋಪಿಯ ಹಿಂದಿನ ದಿನದಿಂದಲೇ ಅದನ್ನೂ ಆ್ಯಂಟಾಸಿಡ್ ಜೆಲ್ಲನ್ನೂ ನಿಲ್ಲಿಸಿ ಎಂದು ಹೇಳುವುದು ಅದಕ್ಕೇ. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದು ಹೆಚ್ಚು ದಿನ ಆಗಿಲ್ಲದಿದ್ದರೆ ಅದನ್ನೂ ತಿಳಿಸಬೇಕು. ನುಂಗಿದ್ದು ಕೆಳಗಿಳಿಯದೆ ನಿಲ್ಲುವ ತೊಂದರೆಯಿದ್ದರೆ 8 ಗಂಟೆ ಉಪವಾಸವೂ ಸಾಲದು. ಹಿಂದಿನ ದಿನವಿಡೀ ದ್ರವಾಹಾರದಲ್ಲಿ ಇರಬೇಕಾಗುತ್ತದೆ. ಕಟ್ಟಿಸಿದ ಹಲ್ಲು, ಬಾಯಲ್ಲಿ ಉಳಿದ ಎಲೆ-ಅಡಿಕೆ ಚೂರು ಎರಡನ್ನೂ ತೆಗೆದು ಬಾಯಿ ಮುಕ್ಕಳಿಸಬೇಕು.

ರಕ್ತ ತೆಳು ಮಾಡುವ ಮಾತ್ರೆಗಳ ಬಗ್ಗೆ ಒಂದು ಮಾತು. ಚಿಮಟದಲ್ಲಿ ಸಣ್ಣ ಚೂರು ತೆಗೆಯುವ ಬಯಾಪ್ಸಿಯಲ್ಲಿ ರಕ್ತಸ್ರಾವದ ಅಪಾಯ ಕಡಿಮೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಕ್ಲೋಪಿಡೋಗ್ರೆಲ್ಲನ್ನು ತಾವಾಗಿಯೇ ನಿಲ್ಲಿಸಿ ಬರಬಾರದು. ವಾರ್ಫರಿನ್ ತೆಗೆದುಕೊಳ್ಳುವವರು ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ರಿಪೋರ್ಟ್ ತಂದರೆ ಸಾಕು. ಸಕ್ಕರೆ ಕಾಯಿಲೆಯವರು ಬೆಳಗಿನ ಮಾತ್ರೆ-ಇನ್ಸುಲಿನ್ ಏನು ಮಾಡಬೇಕೆಂದು ಮುಂಚಿನ ದಿನವೇ ಕೇಳಿಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಹಾಗೆಯೇ ತೆಗೆದುಕೊಂಡರೆ ಸಕ್ಕರೆ ಕುಸಿಯುತ್ತದೆ.

ಸ್ಕೋಪ್ ಹಾಕುವ 10ರಿಂದ 20 ನಿಮಿಷ ಮೊದಲು ಸುಮಾರು 100 ಮಿ.ಲೀ. ನೀರಿಗೆ ಸೈಮೆಥಿಕೋನ್, ಸಾಧ್ಯವಿದ್ದರೆ ಎನ್-ಅಸಿಟೈಲ್‌ಸಿಸ್ಟೀನ್ ಸೇರಿಸಿ ಕುಡಿಸಿದರೆ ನೊರೆಯೂ ಲೋಳೆಯೂ ಅರ್ಧಕ್ಕರ್ಧ ತಾನಾಗಿಯೇ ಇಳಿದಿರುತ್ತದೆ. ಗಡಿಬಿಡಿಯ ದಿನಗಳಲ್ಲಿ ಬಿಟ್ಟುಹೋಗುವ ಕೆಲಸ ಇದು, ಬಿಡಬಾರದ್ದೂ ಇದೇ. ಆಮೇಲೆ ಗಂಟಲಿಗೆ ಮರಗಟ್ಟಿಸುವ ಲಿಗ್ನೊಕೇನ್ ಸ್ಪ್ರೇ, ಎಡಮಗ್ಗುಲಿಗೆ ಮಲಗಿಸುವುದು, ಹಲ್ಲಿನ ನಡುವೆ ಮೌತ್‌ಗಾರ್ಡ್. ಸ್ಕೋಪಿನ ದಪ್ಪ 9-10 ಮಿ.ಮೀ., ಅದರೊಳಗೆ ಚಿಮಟ ಹೋಗುವ ಕೊಳವೆ 2.8 ಮಿ.ಮೀ.

ಬಿಳಿ ಕಂಡ ತಕ್ಷಣ ಮಾಡಬೇಕಾದ್ದು ಫೋಟೊ. ತೊಳೆಯುವ ಮೊದಲು ಒಂದು, ತೊಳೆದ ಮೇಲೆ ಇನ್ನೊಂದು. “ಸಿಸ್ಟರ್, ನೀರು ಬಿಡಿ” ಎಂದರೆ 20 ಮಿ.ಲೀ. ನೀರನ್ನು ಸಿರಿಂಜಿನಿಂದ ಬಯಾಪ್ಸಿ ಕೊಳವೆಯ ಮೂಲಕ ಒತ್ತಿಬಿಡಬೇಕು. ನೊರೆ ಜಾಸ್ತಿಯಿದ್ದರೆ ಆ ಸಿರಿಂಜಿಗೇ ಸೈಮೆಥಿಕೋನಿನ ಕೆಲವು ಹನಿ ಹಾಕಿಕೊಳ್ಳಬಹುದು. ಸ್ಕೋಪಿಗೆ ಜೋಡಿಸಿದ ನೀರಿನ ಬಾಟಲಿಗೆ ಸುರಿದರೆ ಅದು ಸಣ್ಣ ಕೊಳವೆಗಳಲ್ಲಿ ಅಂಟಿ ಉಳಿದು ಸ್ಕೋಪ್ ಸ್ವಚ್ಛ ಮಾಡುವಾಗ ತೊಂದರೆ ಕೊಡುತ್ತದೆ. ಎರಡು-ಮೂರು ಸಲ ತೊಳೆದು, ಹೀರಿ, ಗಾಳಿ ತುಂಬಿ ಗೋಡೆ ಹಿಗ್ಗಿಸಿ ನೋಡಬೇಕು. ಮಡಿಕೆ ಬಿಚ್ಚಿಕೊಳ್ಳದೆ ನೋಡಿದ ಬಿಳುಪಿಗೆ ಬೆಲೆಯಿಲ್ಲ. ತೊಳೆದಾಗ ಹೋಯಿತೆಂದರೆ ಅದು ಹಾಲೋ ಔಷಧಿಯೋ ಎಂಜಲೋ ಆಗಿತ್ತು. ರಿಪೋರ್ಟಿನಲ್ಲಿ ಅದನ್ನು ಬರೆಯುವ ಅಗತ್ಯವೇ ಇಲ್ಲ.

ಹೋಗದೆ ಉಳಿದದ್ದರ ಮೇಲೆ ಚಿಮಟ ಇಡುವ ಮೊದಲು ಎರಡು ಅಪಾಯಗಳನ್ನು ನೆನಪಿಗೆ ತಂದುಕೊಳ್ಳಲೇಬೇಕು. ಲಿವರ್ ಸಿರೋಸಿಸ್ ಇರುವವರಲ್ಲಿ ಉಬ್ಬಿದ ನೀಲಿ ರಕ್ತನಾಳದ ನೆತ್ತಿಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಉಬ್ಬು ಕಂಡರೆ ಅದು ರಕ್ತ ಸೋರಿದ ಜಾಗಕ್ಕೆ ದೇಹವೇ ಹಾಕಿದ ಬಿರಡೆ, ಫೈಬ್ರಿನ್ ಮತ್ತು ಪ್ಲೇಟ್‌ಲೆಟ್‌ಗಳ ಗಂಟು. ಅದನ್ನು ಮುಟ್ಟಿದರೆ ರಕ್ತ ಚಿಮ್ಮುತ್ತದೆ. ಅಲ್ಲಿ ಬೇಕಾದದ್ದು ರಕ್ತನಾಳವನ್ನು ಬಿಗಿಯುವ ರಬ್ಬರ್ ಬ್ಯಾಂಡ್, ಬಯಾಪ್ಸಿ ಖಂಡಿತ ಕೂಡದು. ಎರಡನೆಯದು, ಒಂದೆರಡು ವಾರದ ಹಿಂದೆ ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಕೆಳತುದಿಯ ಕೆಲವು ಸೆಂ.ಮೀ.ಗಳಲ್ಲಿ ಕಾಣುವ ಬಿಳಿ ತಳದ ದುಂಡು ಹುಣ್ಣುಗಳು. ಅವು ಬ್ಯಾಂಡ್ ಉದುರಿದ ಗಾಯಗಳು, ಅವುಗಳ ಪಾಡಿಗೆ ಬಿಡಬೇಕು. ಹಳೆಯ ರಿಪೋರ್ಟ್ ತರದೆ ಬಂದಿದ್ದರೆ ಇಲ್ಲಿ ಮೋಸಹೋಗುವುದು ಸುಲಭ.

ಇನ್ನು ಕ್ಯಾಂಡಿಡಾ. ನಿಜವಾದ ಕ್ಯಾಂಡಿಡಾ ಆದರೆ ಒಡೆದ ಹಾಲಿನ ಗಟ್ಟೆಯಂಥ, ತುಸು ಹಳದಿಗೆ ತಿರುಗಿದ ಬಿಳಿ ಕಣಗಳು ಗೋಡೆಗೆ ಅಂಟಿಕೊಂಡಿರುತ್ತವೆ. ನೀರಿಗೆ ಬಿಡುವುದಿಲ್ಲ. ಬ್ರಶ್ಶಿನಲ್ಲಿ ಉಜ್ಜಿದರೆ ಏಳುತ್ತವೆ, ಎದ್ದ ಜಾಗ ಕೆಂಪಗೆ ಹಸಿಯಾಗಿ ಕಾಣುತ್ತದೆ, ಕೆಲವೊಮ್ಮೆ ಜಿನುಗುತ್ತದೆ. ಗುರುತು ಹಿಡಿಯಲು ಆ ಕೆಂಪೇ ಮುಖ್ಯ. 1976ರಲ್ಲಿ ಬಂದ ಕೋಡ್ಸಿ ವರ್ಗೀಕರಣವನ್ನು ಈಗಲೂ ಬಳಸುತ್ತಾರೆ: 2 ಮಿ.ಮೀ. ಒಳಗಿನ ಕೆಲವೇ ಮಚ್ಚೆಗಳಿದ್ದರೆ ಒಂದನೇ ಗ್ರೇಡ್, ಅದಕ್ಕಿಂತ ದೊಡ್ಡವು ಹಲವಿದ್ದರೆ ಎರಡು, ಒಂದಕ್ಕೊಂದು ಕೂಡಿಕೊಂಡು ಉದ್ದುದ್ದ ದಿಂಡಾಗಿ ಹುಣ್ಣೂ ಇದ್ದರೆ ಮೂರು, ಅದರ ಜೊತೆ ನಾಳ ಕಿರಿದಾಗಿ ಮುಟ್ಟಿದರೆ ರಕ್ತ ಬರುವಂತಿದ್ದರೆ ನಾಲ್ಕು.

ಇಲ್ಲಿ ಬಯಾಪ್ಸಿಗಿಂತ ಬ್ರಶ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಫಂಗಸ್ ಇರುವುದು ಮೇಲಿನ ಬಿಳಿಯಲ್ಲಿ. ಚಿಮಟ ಹಾಕಿದಾಗ ಆ ಬಿಳಿ ಉದುರಿಹೋಗಿ ಕೆಳಗಿನ ಪದರ ಮಾತ್ರ ಬಾಟಲಿಗೆ ಬಿದ್ದರೆ ರಿಪೋರ್ಟ್ ‘ಫಂಗಸ್ ಇಲ್ಲ’ ಎಂದು ಬರುತ್ತದೆ. ಬ್ರಶ್ಶನ್ನು ಕವಚದೊಳಗೆ ಎಳೆದುಕೊಂಡೇ ಹೊರತೆಗೆದು, ಗಾಜಿನ ಸ್ಲೈಡಿನ ಮೇಲೆ ಉರುಳಿಸಿ ಹಚ್ಚಿ, ಲ್ಯಾಬಿಗೆ ಫಂಗಸ್ ಎದ್ದು ಕಾಣಿಸುವ ಪಿಎಎಸ್ ಬಣ್ಣ ಹಾಕಲು ಬರೆದು ಕಳಿಸಬೇಕು. ನೂಲಿನಂತೆ ಉದ್ದ ಎಳೆಗಳು ಕಂಡರೆ ಕ್ಯಾಂಡಿಡಾ ಅಲ್ಲಿ ಬೇರುಬಿಟ್ಟಿದೆ ಎಂದರ್ಥ. ಬರೀ ದುಂಡು ಮೊಗ್ಗುಗಳಿದ್ದರೆ ಬಾಯಿಂದ ಇಳಿದುಬಂದ ಯೀಸ್ಟ್ ಇರಬಹುದು. ಬಾಯಲ್ಲಿ ಬಿಳಿ ಇಲ್ಲ ಎಂದಮಾತ್ರಕ್ಕೆ ಅನ್ನನಾಳದಲ್ಲಿ ಇರಲಿಕ್ಕಿಲ್ಲ ಎನ್ನುವಂತೆಯೂ ಇಲ್ಲ.

ಚಿಕಿತ್ಸೆ ಫ್ಲುಕೋನಜೋಲ್, ದಿನಕ್ಕೆ 200ರಿಂದ 400 ಮಿ.ಗ್ರಾಂ., 14ರಿಂದ 21 ದಿನ. ಬಾಯಿಗೆ ಹಚ್ಚುವ ಔಷಧಿ ಇಲ್ಲಿಗೆ ಸಾಲದು. ಇದು ಸಾಧಾರಣ ಮಾತ್ರೆಯೆಂದು ಎಣಿಸಿ ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಬರೆದುಕೊಡುವುದನ್ನು ನಾವು ಒಪ್ಪುವುದಿಲ್ಲ. ವಾರ್ಫರಿನ್ ಜೊತೆ ಸೇರಿದರೆ ರಕ್ತ ಅತಿಯಾಗಿ ತೆಳುವಾಗುತ್ತದೆ. ಗ್ಲಿಮೆಪಿರೈಡ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ತೀರಾ ಇಳಿಯಬಹುದು. ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್ ಔಷಧಿಯ ಮಟ್ಟ ರಕ್ತದಲ್ಲಿ ಏರುತ್ತದೆ. ಗರ್ಭಿಣಿಯರಿಗೆ ಕೊಡುವಂತಿಲ್ಲ. ಮಾತ್ರೆ ಕೊಟ್ಟ ಮೇಲೂ ಇನ್ನೊಂದು ಕೆಲಸ ಉಳಿದಿರುತ್ತದೆ, ಕ್ಯಾಂಡಿಡಾ ಯಾಕೆ ಬಂತೆಂದು ಹುಡುಕುವುದು. ಹತೋಟಿ ತಪ್ಪಿದ ಸಕ್ಕರೆ, ಎಚ್‌ಐವಿ, ಸ್ಟೆರಾಯ್ಡ್, ದೀರ್ಘಕಾಲದ ಆ್ಯಂಟಿಬಯೋಟಿಕ್, ಅನ್ನ ಇಳಿಯದೆ ನಿಲ್ಲುವ ಅಕಲೇಸಿಯಾ ಇವೆಲ್ಲ ಕಾರಣಗಳು. ಸ್ಟೆರಾಯ್ಡ್ ಇರುವ ಅಸ್ತಮಾ ಇನ್ಹೇಲರ್ ಬಳಸುವವರು ಪ್ರತಿ ಸಲ ಬಾಯಿ ಮುಕ್ಕಳಿಸಿ ಆ ನೀರನ್ನು ಉಗುಳಬೇಕು, ಇನ್ಹೇಲರಿಗೆ ಜೋಡಿಸುವ ಸ್ಪೇಸರ್ ಕೊಳವೆ ಇದ್ದರೆ ಇನ್ನೂ ಒಳ್ಳೆಯದು.

ಎಂಡೋಸ್ಕೋಪಿಯಲ್ಲಿ ಆಗಾಗ ಕಾಣುವ, ಕ್ಯಾಂಡಿಡಾ ಎಂದು ಸುಮ್ಮನೆ ಹಣೆಪಟ್ಟಿ ಹಚ್ಚಿಸಿಕೊಳ್ಳುವ ಬಿಳಿ ಇನ್ನೊಂದಿದೆ: ಗ್ಲೈಕೋಜೆನಿಕ್ ಅಕಾಂತೋಸಿಸ್. ಹೆಸರು ದೊಡ್ಡದು, ತೊಂದರೆ ಏನೂ ಇಲ್ಲ. 2ರಿಂದ 10 ಮಿ.ಮೀ. ಅಗಲದ, ನುಣುಪಾದ, ದುಂಡಗೋ ಮೊಟ್ಟೆಯಾಕಾರಕ್ಕೋ ಇರುವ ತುಸು ಉಬ್ಬಿದ ಬಿಳಿ ದಿಣ್ಣೆಗಳು. ಉಜ್ಜಿದರೂ ಏಳುವುದಿಲ್ಲ, ಸುತ್ತಲಿನ ಗೋಡೆ ಕೆಂಪಾಗಿಯೂ ಇರುವುದಿಲ್ಲ. ಕೋಶಗಳು ಗ್ಲೈಕೋಜನ್ ತುಂಬಿಕೊಂಡು ಊದಿರುತ್ತವೆ ಅಷ್ಟೆ. ಔಷಧಿ ಬೇಡ, ಮತ್ತೆ ಮತ್ತೆ ಎಂಡೋಸ್ಕೋಪಿಯೂ ಬೇಡ. ಒಂದು ಸಂದರ್ಭದಲ್ಲಿ ಮಾತ್ರ ತಡೆದು ಯೋಚಿಸಬೇಕು. ಅನ್ನನಾಳದ ತುಂಬ ಲೆಕ್ಕವಿಲ್ಲದಷ್ಟು ಇಂಥ ದಿಣ್ಣೆಗಳಿದ್ದು, ಜಠರ-ಕರುಳಿನಲ್ಲೂ ಪಾಲಿಪ್‌ಗಳಿದ್ದರೆ ಕೌಡೆನ್ ಸಿಂಡ್ರೋಮ್ ಇರಬಹುದು. ಪಿಟೆನ್ ಎಂಬ ವಂಶವಾಹಿಯ ದೋಷದಿಂದ ಬರುವ ಇದರಲ್ಲಿ ಸ್ತನ ಮತ್ತು ಥೈರಾಯ್ಡ್ ಕ್ಯಾನ್ಸರಿನ ಅಪಾಯ ಹೆಚ್ಚು. ಮುಖದ ಮೇಲೆ, ಒಸಡಿನ ಮೇಲೆ ಸಣ್ಣ ಗುಳ್ಳೆಗಳಿವೆಯೇ, ಮನೆಯಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಆಗಿತ್ತೇ ಎಂದು ಕೇಳಲು ಎರಡು ನಿಮಿಷ ಸಾಕು.

ರವೆ ಎರಚಿದಂತೆ ಸಣ್ಣ ಬಿಳಿ ಚುಕ್ಕಿಗಳು, ಜೊತೆಗೆ ಉದ್ದಕ್ಕೆ ಉತ್ತ ಸಾಲಿನಂಥ ಗೆರೆಗಳು, ಅಡ್ಡಕ್ಕೆ ಬಳೆ ಜೋಡಿಸಿದಂಥ ಉಂಗುರಗಳು ಕಂಡರೆ ಅದು ಇಯೊಸಿನೊಫಿಲಿಕ್ ಈಸೊಫಜೈಟಿಸ್ ಎಂಬ ಅಲರ್ಜಿಯ ಉರಿಯೂತ ಇರಬಹುದು. ಹೆಚ್ಚಾಗಿ ಎಳೆ ವಯಸ್ಸಿನ ಗಂಡಸರು, ಅಲರ್ಜಿ-ಅಸ್ತಮಾ ಹಿನ್ನೆಲೆಯವರು, ಚಪಾತಿಯೋ ಮಾಂಸದ ತುಂಡೋ ಎದೆಯಲ್ಲಿ ಸಿಕ್ಕಿಕೊಂಡು ಆಸ್ಪತ್ರೆಗೆ ಓಡಿಬಂದವರು. ಆ ಚುಕ್ಕಿಗಳೆಂದರೆ ಇಯೊಸಿನೊಫಿಲ್ ಕೋಶಗಳ ಪುಟ್ಟ ಗುಂಪುಗಳು. ಇದು ಅನ್ನನಾಳದ ತುಂಬ ಒಂದೇ ಸಮ ಇರುವುದಿಲ್ಲ, ಅಲ್ಲೊಂದಿಷ್ಟು ಇಲ್ಲೊಂದಿಷ್ಟು. ಒಂದೆರಡು ಚೂರು ತೆಗೆದು ‘ಇಲ್ಲ’ ಎಂದುಬಿಟ್ಟರೆ ತಪ್ಪಾಗುತ್ತದೆ. ಕನಿಷ್ಠ ಎರಡು ಮಟ್ಟದಲ್ಲಿ, ಒಟ್ಟು ಆರು ಚೂರು ಬೇಕು. ಬಿಳಿ ಚುಕ್ಕಿ ಮತ್ತು ಉದ್ದ ಗೆರೆ ಇರುವಲ್ಲಿಂದಲೇ ತೆಗೆಯಬೇಕು, ಕೆಳಗಿನದು ಮೇಲಿನದು ಬೇರೆ ಬೇರೆ ಬಾಟಲಿಗೆ ಹೋಗಬೇಕು. ಮೈಕ್ರೋಸ್ಕೋಪಿನ ಒಂದು ಹೈ ಪವರ್ ಫೀಲ್ಡಿನಲ್ಲಿ 15 ಅಥವಾ ಹೆಚ್ಚು ಇಯೊಸಿನೊಫಿಲ್ ಇದ್ದರೆ ರೋಗ ಖಚಿತಪಡಿಸುವತ್ತ ಹೋಗಬಹುದು. ಇದಕ್ಕೆ ಆ್ಯಸಿಡ್ ಇಳಿಸುವ ಪಿಪಿಐ ಮಾತ್ರೆ, ನುಂಗುವ ಬುಡೆಸೊನೈಡ್ ಎಂಬ ಸ್ಟೆರಾಯ್ಡ್, ಆಹಾರದಲ್ಲಿ ಹಾಲು-ಗೋಧಿಯಂಥವನ್ನು ಬಿಟ್ಟು ನೋಡುವುದು, ಹೀಗೆ ದಾರಿಗಳಿವೆ. ಆದರೆ ಬುಡೆಸೊನೈಡ್ ಶುರುವಾದ ಮೇಲೆ ಕಾಣುವ ಹೊಸ ಬಿಳಿ ಕ್ಯಾಂಡಿಡಾ ಆಗಿರಬಹುದು, ಮತ್ತೆ ಬ್ರಶ್ ಹಾಕಬೇಕು.

ಹಾಲಿನ ಕೆನೆ ಎತ್ತಿದಂತೆ ಉದ್ದುದ್ದ ಬಿಳಿ ಪೊರೆ ಸುಲಿದು ತೂಗಾಡುತ್ತಿದ್ದು, ಕೆಳಗಿನ ಗೋಡೆ ಹೆಚ್ಚುಕಡಿಮೆ ಸರಿಯಾಗಿಯೇ ಇದ್ದರೆ ಮೊದಲು ಮಾತ್ರೆಗಳ ಚೀಟಿ ಕೇಳಬೇಕು. ಹತ್ತಾರು ಮಾತ್ರೆ ನುಂಗುವ ವಯಸ್ಸಾದವರಲ್ಲಿ, ಹಾಸಿಗೆ ಹಿಡಿದವರಲ್ಲಿ ಇದು ಬರುತ್ತದೆ. ನೋಡಲು ಭಯಂಕರ, ಸಾಮಾನ್ಯವಾಗಿ ತಾನಾಗಿ ವಾಸಿಯಾಗುತ್ತದೆ. ಮೂಳೆ ಸವೆತದ ಅಲೆಂಡ್ರೊನೇಟ್, ಡಾಕ್ಸಿಸೈಕ್ಲಿನ್, ಪೊಟ್ಯಾಸಿಯಂ ಮಾತ್ರೆಗಳು ಅನ್ನನಾಳದ ಗೋಡೆಯನ್ನು ಸುಡುತ್ತವೆ. ಇವನ್ನು ಒಂದು ಗುಟುಕಿನಲ್ಲಿ ನುಂಗಿ ಮಲಗಬಾರದು. ತುಂಬಿದ ಲೋಟ ನೀರು ಕುಡಿದು, ಅಲೆಂಡ್ರೊನೇಟ್ ಆದರೆ ಅರ್ಧ ಗಂಟೆ ಕೂತೋ ನಿಂತೋ ಇರಬೇಕು. ಪೊರೆಯ ಜೊತೆ ಬಾಯಲ್ಲೂ ಬಿಳಿ ಜಾಲರಿ ಅಥವಾ ಹುಣ್ಣು, ಮೇಲ್ಭಾಗದಲ್ಲಿ ನಾಳ ಕಿರಿದಾಗಿರುವುದು ಸೇರಿದ್ದರೆ ಚರ್ಮಕ್ಕೂ ಬಾಯಿಗೂ ಬರುವ ಲೈಕೆನ್ ಪ್ಲೇನಸ್ ಅಥವಾ ಪೆಂಫಿಗಸ್ ಕಾಯಿಲೆಯನ್ನು ಯೋಚಿಸಬೇಕು. ಮಧ್ಯವಯಸ್ಸಿನ ಹೆಂಗಸರಲ್ಲಿ ಲೈಕೆನ್ ಪ್ಲೇನಸ್ ವರ್ಷಗಟ್ಟಲೆ ಬರೀ ಆ್ಯಸಿಡಿಟಿ ಎಂದು ಕಳೆದುಹೋಗುತ್ತದೆ. ಇಲ್ಲಿ ಇಮ್ಯುನೊಫ್ಲೊರೆಸೆನ್ಸ್ ಪರೀಕ್ಷೆ ಬೇಕಾಗುವುದರಿಂದ ಒಂದು ಚೂರನ್ನು ಮಾಮೂಲಿ ಸಂರಕ್ಷಕ ದ್ರಾವಣವಾದ ಫಾರ್ಮಲಿನ್ ಬಿಟ್ಟು ಮಿಷೆಲ್ ದ್ರಾವಣಕ್ಕೆ ಹಾಕಬೇಕು. ಫಾರ್ಮಲಿನ್ ತಗುಲಿದರೆ ಆ ಪರೀಕ್ಷೆ ಕೆಟ್ಟಂತೆಯೇ. ಮೊದಲೇ ಲ್ಯಾಬಿಗೆ ಫೋನ್ ಮಾಡಿ ದ್ರಾವಣ ತರಿಸಿಟ್ಟುಕೊಳ್ಳದಿದ್ದರೆ ಇನ್ನೊಂದು ಎಂಡೋಸ್ಕೋಪಿ ಗ್ಯಾರಂಟಿ. ಹೂಕೋಸಿನ ಚೂರಿನಂಥ ಒಂಟಿ ಬಿಳಿ ಗಂಟು ಬಹುತೇಕ ಸ್ಕ್ವಾಮಸ್ ಪ್ಯಾಪಿಲೋಮಾ ಎಂಬ ನಿರುಪದ್ರವಿ ಗಂಟು, ಚಿಕ್ಕದಿದ್ದರೆ ಚಿಮಟದಲ್ಲೇ ಪೂರ್ತಿ ತೆಗೆದು ಪರೀಕ್ಷೆಗೆ ಕಳಿಸಿದರೆ ಮುಗಿಯಿತು.

ನಾವು ಹೆಚ್ಚು ಹೊತ್ತು ನಿಲ್ಲುವುದು ಇನ್ನೊಂದು ಬಿಳಿಯ ಮುಂದೆ. ಅದು ಅಪರೂಪ. ಸುಣ್ಣ ಬಳಿದ ಹಳೆಯ ಗೋಡೆ ಹಕ್ಕಳೆ ಎದ್ದಂತೆ ಒರಟಾದ, ಒಣಗಿದಂತೆ ಕಾಣುವ ಬಿಳಿ ಪಟ್ಟೆ, ಅಂಚು ಗೆರೆ ಎಳೆದಷ್ಟು ಸ್ಪಷ್ಟ. ತೊಳೆದರೆ ಹೋಗದು, ಉಜ್ಜಿದರೆ ಏಳದು. ಹೆಚ್ಚಾಗಿ ಅನ್ನನಾಳದ ನಡುಭಾಗದಲ್ಲಿರುತ್ತದೆ. ಇದನ್ನು ಅನ್ನನಾಳದ ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ, ಪ್ಯಾಥಾಲಜಿಯಲ್ಲಿ ಇದರ ಹೆಸರು ಎಪಿಡರ್ಮಾಯ್ಡ್ ಮೆಟಾಪ್ಲೇಸಿಯಾ. ಅಂದರೆ ಒಳಪದರ ಅಷ್ಟು ಜಾಗದಲ್ಲಿ ಚರ್ಮವಾಗಿ ಮಾರ್ಪಟ್ಟಿದೆ: ಅನ್ನನಾಳದಲ್ಲಿ ಇರಬಾರದ ಗ್ರ್ಯಾನ್ಯುಲರ್ ಪದರ ಬಂದಿದೆ, ಅದರ ಮೇಲೆ ಕೆರಟಿನ್ ಹೊದಿಕೆ ಕೂತಿದೆ. ತಂಬಾಕು, ಮದ್ಯ ಹಿನ್ನೆಲೆಯಿರುವವರಲ್ಲಿ ಹೆಚ್ಚು. ಈ ಪಟ್ಟೆಯಲ್ಲೋ ಅದರ ಪಕ್ಕದಲ್ಲೋ ಸ್ಕ್ವಾಮಸ್ ಡಿಸ್‌ಪ್ಲೇಸಿಯಾ (ಕ್ಯಾನ್ಸರಿಗೆ ಮುಂಚಿನ ಕೋಶ ಬದಲಾವಣೆ) ಅಥವಾ ಕ್ಯಾನ್ಸರ್ ಇರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ ಎಂಬುದರಿಂದಲೇ ಇದಕ್ಕೆ ಇಷ್ಟು ಕಾಳಜಿ. ನಮ್ಮಲ್ಲಿ ಎಲೆ-ಅಡಿಕೆಗೆ ಹೊಗೆಸೊಪ್ಪು ಸೇರಿಸಿ ದವಡೆಯಲ್ಲಿಟ್ಟುಕೊಳ್ಳುವವರು, ಗುಟ್ಕಾ ಹಾಕುವವರು ಮನೆಮನೆಯಲ್ಲಿದ್ದಾರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ವರದಿಯಲ್ಲಿ ಅಡಿಕೆಯನ್ನೇ, ತಂಬಾಕು ಸೇರದಿದ್ದರೂ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಸ್ಕೋಪ್ ಹಾಕುವ ಮೊದಲು ಈ ಅಭ್ಯಾಸ ಕೇಳಿ ಬರೆದುಕೊಂಡಿದ್ದರೆ ಬಿಳಿ ಕಂಡಾಗ ಕಣ್ಣು ತಾನಾಗಿ ಚುರುಕಾಗುತ್ತದೆ.

ಇಂಥ ಪಟ್ಟೆ ಕಂಡಾಗ ಸ್ಕೋಪಿನ ಎನ್‌ಬಿಐ (ನ್ಯಾರೋ ಬ್ಯಾಂಡ್ ಇಮೇಜಿಂಗ್) ಗುಂಡಿ ಒತ್ತಬೇಕು. 415 ಮತ್ತು 540 ನ್ಯಾನೊಮೀಟರಿನ ಎರಡು ಬಣ್ಣದ ಬೆಳಕನ್ನು ಮಾತ್ರ ಬಿಡುವ ವ್ಯವಸ್ಥೆ ಅದು. ರಕ್ತ ಆ ಬೆಳಕನ್ನು ಹೀರುವುದರಿಂದ ರಕ್ತನಾಳಗಳು ಕಂದಾಗಿ ಎದ್ದು ಕಾಣುತ್ತವೆ. ಆದರೆ ಕೆರಟಿನ್ ದಪ್ಪವಿರುವ ಕಡೆ ಎನ್‌ಬಿಐಗೂ ಒಳಗೆ ಇಣುಕಲು ಆಗುವುದಿಲ್ಲ. ಹಾಗಾಗಿ ನೋಡಬೇಕಾದ್ದು ಅಂಚನ್ನು. ಬಿಳಿಯ ಸುತ್ತ ಕಂದು ಛಾಯೆ ಹರಡಿದ್ದು, ಅದರಲ್ಲಿ ಸಣ್ಣ ಕುಣಿಕೆಗಳಂಥ ರಕ್ತನಾಳಗಳು ಸೊಟ್ಟಗಾಗಿ, ದಪ್ಪಗಾಗಿ, ಒತ್ತೊತ್ತಾಗಿದ್ದರೆ ಚಿಮಟ ಹೋಗಬೇಕಾದ್ದು ಅಲ್ಲಿಗೆ.

ನಂತರ ಗೋಡೆಗೆ ಬಣ್ಣ ಹಿಡಿಸುವ ಲುಗಾಲ್ ಅಯೋಡಿನ್. ಮಾರುಕಟ್ಟೆಯ 5% ದ್ರಾವಣದ ಒಂದು ಪಾಲಿಗೆ ನಾಲ್ಕು ಪಾಲು ನೀರು ಸೇರಿಸಿದರೆ 1% ಆಗುತ್ತದೆ, ಅಷ್ಟು ಸಾಕು. ಅದಕ್ಕಿಂತ ಗಾಢವಾದರೆ ಎದೆ ಉರಿದು ರೋಗಿ ಒದ್ದಾಡುತ್ತಾರೆ. ಅಯೋಡಿನ್ ಅಲರ್ಜಿ ಇದೆಯೇ, ಥೈರಾಯ್ಡ್ ಹೆಚ್ಚಾಗಿದೆಯೇ ಎಂದು ಮೊದಲೇ ಕೇಳಿರಬೇಕು, ಇದ್ದರೆ ಹಾಕುವಂತಿಲ್ಲ. ಫಂಗಸ್ ಕಲ್ಚರಿಗೆ ಕಳಿಸುವುದಿದ್ದರೆ ಅದನ್ನು ಇದಕ್ಕೂ ಮುಂಚೆ ತೆಗೆದುಬಿಡಬೇಕು. ತಲೆಯ ಕಡೆ ಮಂಚ ಸ್ವಲ್ಪ ಎತ್ತರಿಸಿ, ಬಾಯಿ ಬದಿಯಲ್ಲಿ ಸಕ್ಷನ್ ಇಟ್ಟು, ಸ್ಪ್ರೇ ಕ್ಯಾಥೆಟರಿನಿಂದ ಕೆಳತುದಿಯಿಂದ ಮೇಲಕ್ಕೆ ಬರುತ್ತ 10ರಿಂದ 20 ಮಿ.ಲೀ. ಸಿಂಪಡಿಸಬೇಕು. ಗಂಟಲಿನ ಹತ್ತಿರ ಬಂದಾಗ ಕೈ ಹಿಡಿತದಲ್ಲಿರಬೇಕು, ಶ್ವಾಸನಾಳಕ್ಕೆ ಇಳಿದರೆ ಕೆಮ್ಮು ನಿಲ್ಲುವುದಿಲ್ಲ.

ಒಂದು ನಿಮಿಷದೊಳಗೆ ಇಡೀ ಗೋಡೆ ಕಾಚಿನ ಬಣ್ಣಕ್ಕೆ ತಿರುಗುತ್ತದೆ. ಆರೋಗ್ಯವಂತ ಕೋಶಗಳಲ್ಲಿರುವ ಗ್ಲೈಕೋಜನ್ ಅಯೋಡಿನ್ ಹಿಡಿಯುವುದರಿಂದ ಹೀಗೆ. ಗ್ಲೈಕೋಜೆನಿಕ್ ಅಕಾಂತೋಸಿಸ್ಸಿನ ದಿಣ್ಣೆಗಳು ಸುತ್ತಲಿಗಿಂತಲೂ ಗಾಢವಾಗಿ, ಹುರಿದ ಕಾಫಿಬೀಜದಷ್ಟು ಕಪ್ಪಾಗುತ್ತವೆ. ಲ್ಯೂಕೋಪ್ಲೇಕಿಯಾದ ಪಟ್ಟೆ ಬಣ್ಣ ಹಿಡಿಯದೆ ಹಾಗೇ ಉಳಿಯುತ್ತದೆ. ನಿಮಿಷದ ಹಿಂದೆ ಎರಡೂ ಬಿಳಿಯಾಗಿಯೇ ಕಂಡಿದ್ದವು, ಈಗ ಒಂದು ಕಪ್ಪು, ಇನ್ನೊಂದು ಬಿಳಿ. ಇಲ್ಲಿ ಸ್ಕೋಪನ್ನು ಅಲುಗಿಸದೆ ಎರಡು-ಮೂರು ನಿಮಿಷ ಕಾಯಬೇಕು. ಬಣ್ಣ ಹಿಡಿಯದ ಜಾಗ ನಿಧಾನವಾಗಿ ಗುಲಾಬಿಗೆ ತಿರುಗಿದರೆ ಅಲ್ಲಿ ಹೈ-ಗ್ರೇಡ್ ಡಿಸ್‌ಪ್ಲೇಸಿಯಾ ಅಥವಾ ಆರಂಭಿಕ ಕ್ಯಾನ್ಸರ್ ಇರುವ ಅನುಮಾನ ಬಲವಾಗುತ್ತದೆ. ಕಾಯದೆ ಹೊರಬಂದವರಿಗೆ ಈ ಗುಲಾಬಿ ಸಿಗುವುದಿಲ್ಲ. ಹಾಗೆಂದು ಬಣ್ಣ ಹಿಡಿಯದ್ದೆಲ್ಲ ಕೆಟ್ಟದ್ದಲ್ಲ. ಆ್ಯಸಿಡ್‌ನಿಂದ ಉರಿಯೆದ್ದ ಗೋಡೆಯೂ ಹಿಡಿಯುವುದಿಲ್ಲ, ಅದಕ್ಕೇ ಇಡೀ ಅನ್ನನಾಳ ಕೆಂಪಗಿರುವ ದಿನ ಲುಗಾಲ್ ಹಾಕಿ ಪ್ರಯೋಜನವಿಲ್ಲ. ಕೆಲಸ ಮುಗಿದ ಮೇಲೆ 5% ಸೋಡಿಯಂ ಥಯೋಸಲ್ಫೇಟ್ 20 ಮಿ.ಲೀ. ಸಿಂಪಡಿಸಿದರೆ ಕಂದು ಬಣ್ಣವೂ ಉರಿಯೂ ಇಳಿಯುತ್ತವೆ. ಜಠರಕ್ಕೆ ಇಳಿದ ಅಯೋಡಿನ್ನನ್ನು ಹೀರಿ ತೆಗೆಯುವುದನ್ನು ಮರೆಯಬಾರದು.

ಚೂರು ತೆಗೆಯುವುದಕ್ಕೂ ಕೈ ಪಳಗಿರಬೇಕು. ಅನ್ನನಾಳ ನೇರ ಕೊಳವೆ. ಚಿಮಟ ಗೋಡೆಗೆ ಸಮಾನಾಂತರವಾಗಿ ಜಾರಿ ಹೋಗುತ್ತದೆ, ಪದರವೂ ಗಟ್ಟಿ. ಚಿಮಟವನ್ನು ಬಾಯಿ ತೆರೆದ ಸ್ಥಿತಿಯಲ್ಲಿ ಸ್ಕೋಪಿನ ತುದಿಯವರೆಗೂ ಹಿಂದಕ್ಕೆ ಎಳೆದುಕೊಂಡು, ತುದಿಯನ್ನು ಗೋಡೆಯತ್ತ ತಿರುಗಿಸಿ, ಸಕ್ಷನ್ ಒತ್ತಿ ಗೋಡೆಯನ್ನೇ ಹತ್ತಿರಕ್ಕೆ ಸೆಳೆದು, ಆಗ ತುಸು ಮುಂದೊತ್ತಿ ಮುಚ್ಚಿದರೆ ಒಳ್ಳೆಯ ಚೂರು ಬರುತ್ತದೆ. ಕೆರಟಿನ್ ಪಟ್ಟೆಯಲ್ಲಿ ಮೊದಲ ಕಚ್ಚಿಗೆ ಬರುವುದು ಮೇಲಿನ ಹಕ್ಕಳೆ ಮಾತ್ರ. ಅದೇ ಕುಳಿಗೆ ಇನ್ನೊಂದು ಕಚ್ಚು ಹಾಕಬೇಕು. ವೆರುಕಸ್ ಕಾರ್ಸಿನೋಮಾ ಎಂಬ ನಿಧಾನಗತಿಯ ಕ್ಯಾನ್ಸರ್ ಬಿಳಿ ಜೂಲಿನಂತೆ ಬೆಳೆದು, ಮೇಲ್ಮೈಯಿಂದ ಎಷ್ಟು ಸಲ ಚೂರು ತೆಗೆದರೂ ‘ಕೆರಟಿನ್ ಮಾತ್ರ’ ಎಂದೇ ರಿಪೋರ್ಟ್ ಬರುವಂತೆ ಮಾಡುತ್ತದೆ. ನಾಳ ಕಿರಿದಾಗುತ್ತಿದ್ದು ರಿಪೋರ್ಟ್ ಮಾತ್ರ ನಿರಾಳವಾಗಿದ್ದರೆ ಆ ರಿಪೋರ್ಟನ್ನು ನಂಬಿ ಕೂರಬಾರದು. ಆಳದ ಬಯಾಪ್ಸಿ ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ಗೆ ಹೋಗಬೇಕು.

ಹೊರಬಂದ ಚೂರು ಸಣ್ಣ ಸಾಬುದಾಣಿಯಷ್ಟು, 2-3 ಮಿ.ಮೀ. ಅದನ್ನು ಸೂಜಿಯಿಂದ ಚುಚ್ಚಿ ಎಳೆದಾಡಿದರೆ ಕೋಶಗಳು ಜಜ್ಜಿಹೋಗುತ್ತವೆ. ಮೃದುವಾಗಿ ಫಿಲ್ಟರ್ ಪೇಪರಿನ ಮೇಲೆ ಇಳಿಸಿ, ಕೂಡಲೇ 10% ಬಫರ್ಡ್ ಫಾರ್ಮಲಿನ್‌ಗೆ ಹಾಕಬೇಕು. ಬಾಟಲಿಯ ಮೈಮೇಲೆ ಹೆಸರಿನ ಜೊತೆ ‘30 ಸೆಂ.ಮೀ., 7 ಗಂಟೆ ದಿಕ್ಕು’ ಎಂಬಂತೆ, ಗಡಿಯಾರದ ಮುಖದ ಲೆಕ್ಕದಲ್ಲಿ, ಜಾಗವನ್ನೂ ಬರೆಯಬೇಕು. ಮುಚ್ಚಳದ ಮೇಲೆ ಬರೆದರೆ ಲ್ಯಾಬಿನಲ್ಲಿ ಮುಚ್ಚಳಗಳು ಅದಲುಬದಲಾಗುವ ಸಾಧ್ಯತೆಯಿದೆ.

ಜೊತೆಗೆ ಹೋಗುವ ಚೀಟಿಯಲ್ಲಿ ‘ಈಸೊಫಗಸ್ ಬಯಾಪ್ಸಿ’ ಎಂದಷ್ಟೇ ಬರೆದು ಕಳಿಸುವುದು ಪ್ಯಾಥಾಲಜಿ ವೈದ್ಯರ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ಬಿಳಿ ತೊಳೆದರೆ ಹೋಯಿತೇ, ಅಂಚು ಹೇಗಿತ್ತು, ಲುಗಾಲ್ ಹಿಡಿಯಿತೇ, ತಂಬಾಕು-ಅಡಿಕೆ ಅಭ್ಯಾಸವಿದೆಯೇ, ಯಾವ ಮಾತ್ರೆಗಳು ನಡೆಯುತ್ತಿವೆ, ಪಿಪಿಐ ಎಷ್ಟು ದಿನದಿಂದ ಇದೆ, ಇವು ಐದಾರು ಸಾಲಿನಲ್ಲಿ ಮುಗಿಯುತ್ತವೆ. ಸಾಧ್ಯವಾದರೆ ಫೋಟೊದ ಪ್ರತಿಯನ್ನೂ ಲಗತ್ತಿಸಬೇಕು.

ರೋಗಿಯ ಕಡೆಯಿಂದ: ಗಂಟಲಿನ ಮರಗಟ್ಟು ಪೂರ್ತಿ ಬಿಡುವವರೆಗೆ, ಅಂದರೆ ಅರ್ಧ ಮುಕ್ಕಾಲು ಗಂಟೆ, ನೀರೂ ಕುಡಿಯಬಾರದು. ಮೊದಲು ಒಂದು ಗುಟುಕು ನೀರು ಸರಿಯಾಗಿ ಇಳಿದ ಮೇಲೆ ಮೆತ್ತನೆಯ ಆಹಾರ. ಅವತ್ತಿಗೆ ಬಿಸಿಬಿಸಿ ಕಾಫಿ, ಖಾರ ಬೇಡ. ಗಂಟಲು ತುಸು ಕೆರೆದಂತಾಗುವುದು ಸಹಜ. ಹೆಚ್ಚುತ್ತ ಹೋಗುವ ಎದೆನೋವು, ಜ್ವರ, ರಕ್ತವಾಂತಿ, ಟಾರಿನಂತೆ ಕಪ್ಪು ಮಲ ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಬೇಕು.

ಬಯಾಪ್ಸಿ ರಿಪೋರ್ಟ್ ಸಾಮಾನ್ಯವಾಗಿ ಒಂದು ವಾರದೊಳಗೆ ಬರುತ್ತದೆ, ವಿಶೇಷ ಬಣ್ಣ ಹಾಕಿಸಿದ್ದರೆ ಒಂದೆರಡು ದಿನ ಹೆಚ್ಚು. ಅದರಲ್ಲಿ ‘ಪ್ಯಾರಾಕೆರಟೋಸಿಸ್’ ಎಂದು ಮಾತ್ರ ಇದ್ದರೆ ಮೇಲ್ಪದರ ಯಾವುದೋ ಉಜ್ಜಾಟಕ್ಕೆ ದಪ್ಪವಾಗಿದೆ ಎಂದರ್ಥ, ಅದೊಂದೇ ದೊಡ್ಡ ವಿಷಯವಲ್ಲ. ‘ಗ್ರ್ಯಾನ್ಯುಲರ್ ಪದರ’, ‘ಹೈಪರ್‌ಆರ್ಥೋಕೆರಟೋಸಿಸ್’ ಎಂಬ ಪದಗಳಿದ್ದರೆ ಲ್ಯೂಕೋಪ್ಲೇಕಿಯಾ. ಮುಂದಿನ ಪ್ರಶ್ನೆ ಡಿಸ್‌ಪ್ಲೇಸಿಯಾ ಇದೆಯೇ ಎಂಬುದು. ‘ಡಿಸ್‌ಪ್ಲೇಸಿಯಾ ಖಚಿತವಾಗಿ ಹೇಳಲಾಗದು’ ಎಂದು ಬಂದಿದ್ದರೆ ಬಹಳ ಸಲ ಕಾರಣ ಉರಿಯೂತ. ಎಂಟು ವಾರ ಪಿಪಿಐ ಕೊಟ್ಟು ಉರಿ ಇಳಿಸಿ ಮತ್ತೆ ಚೂರು ತೆಗೆಯಬೇಕು. ಡಿಸ್‌ಪ್ಲೇಸಿಯಾ ಖಚಿತವಾದರೂ, ಕ್ಯಾನ್ಸರ್ ಒಳಪದರದ ಮೇಲ್ಮಟ್ಟದಲ್ಲೇ ಇದ್ದರೂ, ಸ್ಕೋಪಿನ ಮೂಲಕವೇ ಆ ಪದರವನ್ನು ಎತ್ತಿ ಕತ್ತರಿಸಿ ತೆಗೆಯುವ ಇಎಸ್‌ಡಿ ವಿಧಾನದಿಂದ ಅನ್ನನಾಳ ಉಳಿಸಿಕೊಳ್ಳಬಹುದು. ಬಿಳಿಯ ಹಂತದಲ್ಲೇ ಹಿಡಿದವರಿಗೆ ಸಿಗುವ ಲಾಭ ಅದು. ನುಂಗಲು ಕಷ್ಟವಾದ ಮೇಲೆ ಬಂದವರಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಲ್ಯೂಕೋಪ್ಲೇಕಿಯಾ ಎಂದು ತಿಳಿದವರ ಬಾಯಿ, ನಾಲಗೆಯ ಅಂಚು, ಗಂಟಲನ್ನು ಇಎನ್‌ಟಿ ವೈದ್ಯರೂ ಒಮ್ಮೆ ನೋಡಬೇಕು, ಒಂದೇ ಅಭ್ಯಾಸ ಇಡೀ ದಾರಿಯನ್ನು ಸುಟ್ಟಿರುತ್ತದೆ.

ಡಿಸ್‌ಪ್ಲೇಸಿಯಾ ಇಲ್ಲದ ಲ್ಯೂಕೋಪ್ಲೇಕಿಯಾಕ್ಕೆ ಇಷ್ಟೇ ತಿಂಗಳಿಗೊಮ್ಮೆ ನೋಡಬೇಕೆಂಬ, ಎಲ್ಲರೂ ಒಪ್ಪಿದ ನಿಯಮ ಇಲ್ಲ. ಪಟ್ಟೆಯ ಅಗಲ, ಅಭ್ಯಾಸ ಬಿಟ್ಟಿದ್ದಾರೆಯೇ ಇಲ್ಲವೇ ಎಂಬುದನ್ನು ನೋಡಿ ಅಂತರ ಗೊತ್ತುಮಾಡುತ್ತಾರೆ. ಮರಳಿ ಬರುವ ದಿನ ಬರೀ ಅಚ್ಚಾದ ರಿಪೋರ್ಟ್ ತಂದರೆ ಸಾಲದು. ಬಣ್ಣದ ಫೋಟೊಗಳಿರುವ ಪೆನ್‌ಡ್ರೈವ್ ಅಥವಾ ಸಿ.ಡಿ. ಬೇಕು, ಬೇರೆ ಆಸ್ಪತ್ರೆಗೆ ಹೋಗುವುದಿದ್ದರೆ ಲ್ಯಾಬಿನಿಂದ ಸ್ಲೈಡನ್ನೂ ಮೇಣದ ಬ್ಲಾಕನ್ನೂ ಕೇಳಿ ಪಡೆಯಬೇಕು. ಹಳೆಯ ಫೋಟೊವನ್ನು ಪಕ್ಕದ ಪರದೆಯಲ್ಲಿ ಇಟ್ಟು, ಹಲ್ಲಿನಿಂದ 30 ಸೆಂ.ಮೀ. ಅಳೆದು, 7 ಗಂಟೆ ದಿಕ್ಕಿನಲ್ಲಿ ನೀರು ಹಾಯಿಸಿ ಪಟ್ಟೆಯ ಅಂಚನ್ನು ಹೋಲಿಸುವುದರಿಂದ ಎರಡನೇ ಎಂಡೋಸ್ಕೋಪಿ ಶುರುವಾಗುತ್ತದೆ.